ಮುರುಗಲು ಪಾನಕ ಕುಡಿದು ತಿಂಗಳಾಯ್ತು, ಬಿಪಿ ಇಳಿದಿಲ್ಲ. ಎಲ್ಲಿ ತಪ್ಪಿದೆ?

ಬೆಟ್ಟದಹಾದಿ, ಶಿರಸಿ

ಅಪ್ಪಯ್ಯನಿಗೆ 63. ಬಿಪಿ ಮಾತ್ರೆ ಶುರುವಾಗಿ ನಾಲ್ಕು ವರ್ಷ. ಮುರುಗಲಿನ (ಪುನರ್ಪುಳಿ, ಕೋಕಂ) ಕೆಂಪು ಬಣ್ಣ ರಕ್ತನಾಳಕ್ಕೆ ಒಳ್ಳೆಯದು ಅಂತ ಎಲ್ಲೋ ಓದಿದೆ. ಈ ಸಲ ಮಳೆ ಹಿಡಿಯುವ ಮೊದಲೇ ಬೆಟ್ಟದ ಮುರುಗಲನ್ನೆಲ್ಲ ಕೊಯ್ದು ಪಾನಕಕ್ಕೆ ಪಾಕ ಮಾಡಿಟ್ಟೆ. ದಿನಕ್ಕೆ ಎರಡು ದೊಡ್ಡ ಲೋಟ, ಉಪ್ಪು ಜೀರಿಗೆ ಹಾಕಿ ಕೊಡುತ್ತಿದ್ದೇನೆ. ಮಿಷನ್ ತಂದು ಬೆಳಿಗ್ಗೆ, ಸಂಜೆ ಬರೆದಿಡುತ್ತಿದ್ದೇನೆ. ತಿಂಗಳಾದರೂ 148/90ರ ಆಸುಪಾಸಲ್ಲೇ ಇದೆ. ಸಾಲದ್ದಕ್ಕೆ ಪಾಕದ ಕೆಂಪು ಹೋಗಿ ಇಟ್ಟಿಗೆ ಬಣ್ಣ ಬಂದಿದೆ. ಬಣ್ಣದ ಜೊತೆ ಗುಣವೂ ಹೋಯಿತಾ?

ಕಾಳಿದಂಡೆ, ಕಾರವಾರ

ತಮ್ಮಾ, ಮೊದಲು ನಾಲ್ಕು ವಿಷಯ ಹೇಳು. ಪಾಕ ಯಾವ ಪಾತ್ರೆಯಲ್ಲಿ ಮಾಡಿದೆ, ಎಷ್ಟು ಕುದಿಸಿದೆ? ಬಾಟಲಿ ಎಲ್ಲಿಟ್ಟಿದ್ದೀಯ? ಬಿಪಿ ನೋಡುವಾಗ ಅಪ್ಪ ಏನು ಮಾಡುತ್ತಿರುತ್ತಾರೆ? ಈ ತಿಂಗಳಲ್ಲಿ ಆಂಟಿಬಯೋಟಿಕ್ ಏನಾದರೂ ತಗೊಂಡಿದ್ದಾರಾ? ಮಾತ್ರೆ ನಿಲ್ಲಿಸಿಲ್ಲ ತಾನೇ?

ಬೆಟ್ಟದಹಾದಿ

ಮಾತ್ರೆ ನಿಲ್ಲಿಸಿಲ್ಲ ಅಕ್ಕಾ. ಅಲ್ಯೂಮಿನಿಯಂ ಬೋಗುಣಿಯಲ್ಲಿ ಸಿಪ್ಪೆ, ಸಕ್ಕರೆ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಬಾಟಲಿ ಕಿಟಕಿಯಲ್ಲಿದೆ, ಬಿಸಿಲು ಬಿದ್ದರೆ ನೋಡೋಕೆ ಚಂದ ಅಂತ. ಅಪ್ಪಯ್ಯ ಚಾ ಕುಡಿದು, ಕವಳ (ಎಲೆ ಅಡಿಕೆ) ಹಾಕಿ, ಜಗಲಿಯಲ್ಲಿ ಯಾರ ಹತ್ತಿರವಾದರೂ ಮಾತಾಡುತ್ತಿರುತ್ತಾರೆ, ಆಗಲೇ ಪಟ್ಟಿ ಸುತ್ತುತ್ತೇನೆ. ಹಲ್ಲು ಕೀಳಿಸಿದ್ದರಿಂದ ಐದು ದಿನ ಆಂಟಿಬಯೋಟಿಕ್ ಕೊಟ್ಟಿದ್ದರು.

ಕಾಳಿದಂಡೆ

ಎಲ್ಲ ತಪ್ಪೂ ಒಂದೇ ಮನೆಯಲ್ಲಿ ಸಿಕ್ಕಿತು! ನಾನು ಮೂವತ್ತು ವರ್ಷ ಬಯೋಕೆಮಿಸ್ಟ್ರಿ ಪಾಠ ಮಾಡಿದವಳು, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೋ.

ಬಣ್ಣದ ಕತೆ ಸುಲಭ. ಮುರುಗಲಿನ ಕೆಂಪು ಅಂದರೆ ಆಂಥೋಸಯಾನಿನ್, ಗಿಡಗಳಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳ ಗುಂಪಿನದು. ಬಟ್ಟೆಗೆ ಚೆಲ್ಲಿದ ಮುರುಗಲು ರಸಕ್ಕೆ ಸೋಪು ಹಚ್ಚಿ ನೋಡಿದ್ದೀಯಾ? ಕೆಂಪು ಕಲೆ ನೀಲಿಗಪ್ಪಾಗುತ್ತೆ. ಅಷ್ಟು ಚಂಚಲ ಅದು. ಹುಳಿಯಲ್ಲಿ ಕೆಂಪಾಗಿ ಉಳಿಯುತ್ತೆ, ಆದರೆ ಬಿಸಿ, ಬೆಳಕು, ಗಾಳಿ ತಡೆಯಲ್ಲ. ನೀನು ಮೂರನ್ನೂ ಕೊಟ್ಟಿದ್ದೀಯ. ಹುಳಿಗೆ ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಲೋಹವೇ ಕರಗಿ ಬರುತ್ತೆ. ಹಳೇ ಕ್ರಮದಲ್ಲಿ ಸಿಪ್ಪೆ, ಸಕ್ಕರೆ ಪದರ ಪದರವಾಗಿ ಭರಣಿಗೆ ತುಂಬಿಡು. ಕುದಿಸುವುದೇ ಬೇಡ.

ಈಗ ಹೊಟ್ಟೆಯ ಕತೆ. ಕುಡಿದ ಕೆಂಪು ಹಾಗೇ ರಕ್ತಕ್ಕೆ ಹೋಗುತ್ತೆ ಅಂದುಕೊಂಡಿದ್ದೀಯ ಅಲ್ವಾ? ಹಾಗೆ ಹೋಗುವುದು ತೀರಾ ಕಡಿಮೆ. ಹೆಚ್ಚಿನದು ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕಡಿದು ಪ್ರೋಟೋಕ್ಯಾಟೆಕ್ಯುಯಿಕ್ ಆಮ್ಲದಂಥ ಚಿಕ್ಕ ಚೂರು ಮಾಡುತ್ತವೆ. ಕೆಲವಕ್ಕೆ ಯಕೃತ್ತು ಮತ್ತೆ ಕೈ ಹಾಕಿ ಹಿಪ್ಪೂರಿಕ್ ಆಮ್ಲ ಮಾಡುತ್ತೆ. ಇಂಗ್ಲೆಂಡಿನಲ್ಲಿ 8 ಗಂಡಸರಿಗೆ ಸಯನಿಡಿನ್-3-ಗ್ಲುಕೋಸೈಡ್ 500 ಮಿಲಿಗ್ರಾಂ ಕೊಟ್ಟು ನೋಡಿದ್ದರು, 2013ರಲ್ಲಿ ಪ್ರಕಟವಾಯಿತು. ನಮ್ಮ ಮುರುಗಲಿನಲ್ಲೂ ಇರುವ ಬಣ್ಣವೇ ಅದು. ಅದರ ಇಂಗಾಲಕ್ಕೆ ಗುರುತು ಹಾಕಿ 48 ಗಂಟೆ ಬೆನ್ನು ಹತ್ತಿದರು. ಮೂತ್ರ, ಉಸಿರು ಸೇರಿ ಸಿಕ್ಕಿದ್ದು ಸುಮಾರು 12%. ರಕ್ತದಲ್ಲಿ ಮೂಲ ಬಣ್ಣಕ್ಕಿಂತ ಈ ಚೂರುಗಳೇ ಜಾಸ್ತಿ ಇದ್ದವು, ಹೆಚ್ಚು ಹೊತ್ತು ಉಳಿದವು.

ಈ ಚೂರುಗಳು ರಕ್ತನಾಳದಲ್ಲಿ ಏನು ಮಾಡುತ್ತವೆ? ನಾಳದ ಒಳಮೈಗೆ ಒಂದೇ ಜೀವಕೋಶ ದಪ್ಪದ ಪದರ ಇದೆ. ಅದು ನೈಟ್ರಿಕ್ ಆಕ್ಸೈಡ್ ಬಿಟ್ಟರೆ ನಾಳ ಸಡಿಲ ಆಗುತ್ತೆ. ಇದನ್ನು ಕಂಡುಕೊಂಡವರಿಗೆ 1998ರಲ್ಲಿ ನೊಬೆಲ್ ಬಂತು. ನಾಳದ ಗೋಡೆಯಲ್ಲೇ ಹುಟ್ಟುವ ಸೂಪರಾಕ್ಸೈಡ್, ಅಂದರೆ ಆಮ್ಲಜನಕದ ಒಂದು ಚುರುಕು ರೂಪ, ಆ ನೈಟ್ರಿಕ್ ಆಕ್ಸೈಡನ್ನು ತಿಂದುಹಾಕುತ್ತೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಇಂಥ ಕೆಲವು ಚೂರುಗಳು ಸೂಪರಾಕ್ಸೈಡ್ ಹುಟ್ಟಿಸುವ ಕಿಣ್ವವನ್ನು ತಡೆದಿವೆ, ಬಿಳಿ ರಕ್ತಕಣ ಗೋಡೆಗೆ ಅಂಟುವುದನ್ನೂ ಕಡಿಮೆ ಮಾಡಿವೆ. ‘ಪ್ರಯೋಗಾಲಯದ’ ಅಂದಿದ್ದನ್ನು ಮರೀಬೇಡ.

ಆಂಟಿಬಯೋಟಿಕ್ ಕೇಳಿದ್ದು ಇದಕ್ಕೇ. ಕಡಿಯುವ ಕೆಲಸದವರನ್ನೇ ಓಡಿಸಿದರೆ ಚೂರು ಎಲ್ಲಿಂದ? ಹಾಗಂತ ವೈದ್ಯರು ಹೇಳಿದ ಕೋರ್ಸು ಅರ್ಧಕ್ಕೆ ಬಿಡೋ ಹಾಗಿಲ್ಲ. ಒಬ್ಬೊಬ್ಬರ ಹೊಟ್ಟೆಯ ಸಂಸಾರವೂ ಬೇರೆ. ದಾಳಿಂಬೆ ತಿಂದರೆ ಕೆಲವರ ಕರುಳಲ್ಲಿ ಯುರೋಲಿಥಿನ್ ಎಂಬ ಇಂಥದೇ ಚೂರು ಆಗುತ್ತೆ, ಕೆಲವರಲ್ಲಿ ಆಗುವುದೇ ಇಲ್ಲ.

ಅಘನಾಶಿನಿ, ಕುಮಟಾ

ಅಡಿಕೆಯ ಚೊಗರೂ ಪಾಲಿಫಿನಾಲೇ ಅಲ್ವಾ ಅಕ್ಕೋರೆ? ಹಾಗಾದರೆ ಕವಳವೂ ರಕ್ತನಾಳಕ್ಕೆ ಒಳ್ಳೆಯದೇ ಆಯ್ತಲ್ಲ!

ಕಾಳಿದಂಡೆ

ಬರುತ್ತೆ ಅಂತ ಗೊತ್ತಿತ್ತು ಈ ಪ್ರಶ್ನೆ. ಚೊಗರು ಟ್ಯಾನಿನ್ ಹೌದು. ಜೊತೆಗೆ ಅರೆಕೋಲಿನ್ ಇದೆ, ಎದೆ ಬಡಿತ ಏರುವುದು ಅದರಿಂದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಹಾಕಿದೆ. ಅಡಿಕೆ ಊರಲ್ಲಿ ಇದನ್ನು ಹೇಳಿದರೆ ಮುಖ ಕೆಡುತ್ತೆ, ಏನು ಮಾಡೋದು.

ಅಘನಾಶಿನಿ

ಸರಿ ಬಿಡಿ, ಬಾಯಿ ಮುಚ್ಚಿದೆ. ಆದರೆ ಯಾರೂ ಉಪ್ಪಿನ ಮಾತೇ ಎತ್ತಲಿಲ್ಲ! ತಮ್ಮಾ, ಲೋಟಕ್ಕೆ ಎಷ್ಟು ಉಪ್ಪು?

ಬೆಟ್ಟದಹಾದಿ

ಅರ್ಧ ಚಮಚ ಇರಬಹುದು. ಚಾ ಚಮಚದಲ್ಲಿ.

ಅಘನಾಶಿನಿ

ಎರಡು ಲೋಟಕ್ಕೆ ಒಂದು ಚಮಚ! ಅಲ್ಲಿಗೆ 5 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 5 ಗ್ರಾಮಿಗಿಂತ ಕಡಿಮೆ. ಮೇಲೆ ಉಪ್ಪಿನಕಾಯಿ, ಹಪ್ಪಳ ಬೇರೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡ ಹಾಗಾಯ್ತು ಮಾರಾಯ.

ಕಾಳಿದಂಡೆ

ಛೆ, ನಾನೇ ಕೇಳಬೇಕಿತ್ತು. ಪಾನಕದ ಸಕ್ಕರೆಯೂ ಲೆಕ್ಕಕ್ಕೆ ಬರುತ್ತೆ, ಒಂದು ಸಣ್ಣ ಲೋಟ ಸಾಕು. ಇನ್ನು ಅಳೆಯುವ ಕ್ರಮ: ಚಾ, ಕವಳ ಆಗಿ ಅರ್ಧ ಗಂಟೆ ಬಿಡು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಆನಿಸಿ, ಐದು ನಿಮಿಷ ಸುಮ್ನೆ ಕೂರಲಿ. ಕೈ ಎದೆಮಟ್ಟಕ್ಕೆ, ಪಟ್ಟಿ ಬರೀ ತೋಳಿಗೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡು. ಮಾತು ಬೇಡ.

ಇಷ್ಟಾದರೂ ಮುರುಗಲಿನ ಗುಣವನ್ನು ಈ ಮಿಷನ್ ಹಿಡಿಯಲಿಕ್ಕಿಲ್ಲ. ಅದನ್ನು ನೋಡೋಕೆ ಸಂಶೋಧಕರು ತೋಳಿಗೆ ಪಟ್ಟಿ 5 ನಿಮಿಷ ಬಿಗಿದು, ಬಿಚ್ಚಿ, ರಕ್ತನಾಳ ಎಷ್ಟು ಹಿಗ್ಗಿತು ಅಂತ ಅಲ್ಟ್ರಾಸೌಂಡಲ್ಲಿ ನೋಡುತ್ತಾರೆ. ದೊಡ್ಡ ಪ್ರಯೋಗ ಬೇಕೆಂದರೆ ಅಮೆರಿಕದ ಕಾಸ್ಮಾಸ್ ಇದೆ: 21,442 ಹಿರಿಯರು, ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲವನಾಲ್ (ಅದೂ ಪಾಲಿಫಿನಾಲೇ), 2022ರಲ್ಲಿ ಫಲಿತಾಂಶ. ಹೃದಯ, ರಕ್ತನಾಳದ ತೊಂದರೆಗಳು ಒಟ್ಟಾರೆ ಖಚಿತವಾಗಿ ಇಳಿದವು ಅನ್ನೋ ಹಾಗೆ ಬರಲಿಲ್ಲ. ಆ ತೊಂದರೆಗಳಿಂದ ಸತ್ತವರು ಮಾತ್ರ ಫ್ಲವನಾಲ್ ತಗೊಂಡವರಲ್ಲಿ 27% ಕಡಿಮೆ. ಅದಕ್ಕೇ ನಾನು ‘ಕಾಪಾಡಬಹುದು’ ಅನ್ನುತ್ತೇನೆ, ‘ಕಾಪಾಡುತ್ತೆ’ ಅನ್ನಲ್ಲ.

ಬೆಟ್ಟದಹಾದಿ

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಉಪ್ಪು ನಿಲ್ಲಿಸಿದೆ. ಅಪ್ಪಯ್ಯನನ್ನು ಒಳಕೋಣೆಯ ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಈ ವಾರ ಸರಾಸರಿ 136/84. ಬರೆದಿಟ್ಟ ಲೆಕ್ಕವನ್ನು ವೈದ್ಯರಿಗೂ ತೋರಿಸಿದೆ, ಮಾತ್ರೆ ಹಾಗೇ ಮುಂದುವರಿಸಿ ಅಂದರು. ಐದು ನಿಮಿಷ ಮಾತಾಡದೆ ಕೂರುವುದೇ ಅಪ್ಪಯ್ಯನಿಗೆ ದೊಡ್ಡ ಶಿಕ್ಷೆ. ಆಯಿ ಕೇಳುತ್ತಿದ್ದಾಳೆ: ಪಾಕ ಸೋಸಿದ ಮೇಲೆ ಉಳಿಯುವ ಸಿಪ್ಪೆ ಎಸೆಯಬೇಕಾ?

ಕಾಳಿದಂಡೆ

ಬೇಡ ಅನ್ನು ಆಯಿಗೆ. ನಾರಿಗೆ ಅಂಟಿಕೊಂಡ ಪಾಲಿಫಿನಾಲ್ ಕರುಳಿನ ಕೊನೆವರೆಗೂ ಹೋಗುತ್ತೆ, ಬ್ಯಾಕ್ಟೀರಿಯಾಗಳಿಗೆ ಬೇಕಾದ್ದೂ ಅದೇ. ಕಾಯಿ ಜೊತೆ ರುಬ್ಬಿ ತಂಬುಳಿ ಮಾಡಲಿ. ಉಪ್ಪು ಚಿಟಿಕೆ.