ನಿಖಿಲ್ ಕಣ್ಣಿನ ಮಾತ್ರೆ: ಮನೆ ಗುಂಪಿನಲ್ಲಿ ಜಟಾಪಟಿ

ರಮೇಶ ಚಿಕ್ಕಪ್ಪ: (ಫಾರ್ವರ್ಡ್) “ಲೆಬರ್ ಕಾಯಿಲೆಯಿಂದ ಹೋದ ದೃಷ್ಟಿ ವಾಪಸ್! ಇಡಿಬೆನೋನ್ ಮಾತ್ರೆಯ ಪವಾಡ!!”
ನಮ್ಮ ನಿಖಿಲ್‌ಗೆ ಇರುವುದು ಇದೇ ಅಲ್ವಾ, ಕಣ್ಣಿನ ನರ ಸೊರಗಿ ದೃಷ್ಟಿ ಹೋಗುವ ಕಾಯಿಲೆ? ಎಲ್ಲರೂ ಕೈ ಹಾಕಿದರೆ ಹೊರದೇಶದಿಂದ ತರಿಸಬಹುದು. ನನ್ನದು ಐವತ್ತು ಸಾವಿರ.

ಮೇಘನಾ: ದುಡ್ಡು ನಾನೂ ಕೊಡುತ್ತೇನೆ ಚಿಕ್ಕಪ್ಪ. ಆದರೆ ಪವಾಡ ಅನ್ನಬೇಡಿ. ಇದರ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲೇ ಬಂದಿದೆ. 85 ಜನ, ದಿನಕ್ಕೆ 900 ಮಿಲಿಗ್ರಾಂ, 24 ವಾರ. ಕೆಲವರಿಗೆ ಔಷಧಿ, ಕೆಲವರಿಗೆ ಡಮ್ಮಿ ಮಾತ್ರೆ. ಮೊದಲೇ ಗೊತ್ತು ಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ಖಚಿತವಾದ ವ್ಯತ್ಯಾಸ ಸಿಗಲಿಲ್ಲ.

ರಮೇಶ ಚಿಕ್ಕಪ್ಪ: ಮತ್ತೆ 2015ರಲ್ಲಿ ಯುರೋಪಿನವರು ಒಪ್ಪಿಗೆ ಯಾಕೆ ಕೊಟ್ಟರು? ಅವರೇನು ಪೆದ್ದರಾ?

ಮೇಘನಾ: ಒಂದು ಕಣ್ಣು ಹೋಗಿ ಇನ್ನೊಂದು ಅಷ್ಟಿಷ್ಟು ಉಳಿದವರಿಗೆ ಲಾಭ ಕಂಡಿತು. ಬೇರೆ ಮದ್ದೂ ಇರಲಿಲ್ಲ. ಅದಕ್ಕೆ ವಿಶೇಷ ಸಂದರ್ಭ ಅಂತ ಒಪ್ಪಿದರು, ಇನ್ನಷ್ಟು ಮಾಹಿತಿ ಕೊಡಬೇಕು ಅನ್ನುವ ಷರತ್ತಿನ ಮೇಲೆ. ಈ ಕಾಯಿಲೆಯಲ್ಲಿ ಕೆಲವರಿಗೆ ದೃಷ್ಟಿ ತಾನಾಗಿಯೂ ಸ್ವಲ್ಪ ಮರಳುತ್ತದೆ. 14484 ಅನ್ನುವ ಜೀನ್ ಬದಲಾವಣೆ ಇದ್ದವರಲ್ಲಿ ಅದು ಜಾಸ್ತಿ, 11778 ಇದ್ದವರಲ್ಲಿ ಕಡಿಮೆ. ಡಮ್ಮಿ ಗುಂಪು ಇಲ್ಲದಿದ್ದರೆ ಯಾರಿಗೆ ಮಾತ್ರೆಯಿಂದ ಬಂತು, ಯಾರಿಗೆ ಸುಮ್ನೆ ಬಂತು ಅಂತ ಹೇಗೆ ಹೇಳುತ್ತೀರಿ?

ಸರೋಜಾ ಅತ್ತೆ: ಅದೆಲ್ಲ ಇರಲಿ. ಇದು ತಾಯಿ ಕಡೆಯಿಂದ ಬರುವುದಂತೆ. ಮದುವೆಗೆ ಮೊದಲು ಜಯಾ ತವರಿನಲ್ಲಿ ಸರಿಯಾಗಿ ವಿಚಾರಿಸಬೇಕಿತ್ತು.

ಮೇಘನಾ: ಅತ್ತೆ, ಈ ಕಾಯಿಲೆಯ ಜೀನ್ ಬದಲಾವಣೆ ಇರುವುದು ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ. ಅದು ಎಲ್ಲರಿಗೂ ತಾಯಿಯಿಂದಲೇ ಬರುವುದು. ನಿಮಗೂ ಅಜ್ಜಿಯಿಂದಲೇ ಬಂದಿದೆ. ಈ ಮಾತು ಇಲ್ಲಿ ಬೇಡ.

ಜಯಾ ದೊಡ್ಡಮ್ಮ: ವಿಚಾರಿಸಿದ್ದರೂ ಏನು ತಿಳಿಯುತ್ತಿತ್ತು ಅತ್ತಿಗೆ? ನಮ್ಮ ಸೋದರಮಾವನಿಗೂ ಹರೆಯದಲ್ಲೇ ಕಣ್ಣು ಹೋಗಿತ್ತು. ಬೀಡಿಯಿಂದ ಅಂತಲೇ ಎಲ್ಲರೂ ತಿಳಿದಿದ್ದರು.

ಮೇಘನಾ: ಅದೂ ಪೂರ್ತಿ ಸುಳ್ಳಲ್ಲ ದೊಡ್ಡಮ್ಮ. ಈ ಬದಲಾವಣೆ ಇದ್ದವರು ಸೇದಿದರೆ ಕಣ್ಣು ಹೋಗುವ ಅಪಾಯ ಹೆಚ್ಚು. ನಿಮ್ಮ ಮಗಳು ಪಲ್ಲವಿಯಲ್ಲೂ ಅದು ಇರುತ್ತದೆ. ಹುಡುಗಿಯರಿಗೆ ಅಪಾಯ ಕಡಿಮೆ, ಆದರೆ ಅವಳ ಮಕ್ಕಳಿಗೆ ದಾಟುತ್ತದೆ. ಅವಳಿಗೂ ಒಮ್ಮೆ ಹೇಳಿಸಬೇಕು.

ರಮೇಶ ಚಿಕ್ಕಪ್ಪ: ಎಲ್ಲ ಸರಿ. ಆದರೆ ಪ್ರಯತ್ನ ಪಟ್ಟರೆ ನಷ್ಟ ಏನು? ಅಡ್ಡ ಪರಿಣಾಮವೂ ದೊಡ್ಡದಿಲ್ಲವಂತೆ.

ಮೇಘನಾ: ನಷ್ಟ ಇದೆ. ಆಸೆ ಹುಟ್ಟಿಸಿ ಕೊನೆಗೆ ಅವನ ಮುಂದೆ ಏನು ಹೇಳುತ್ತೀರಿ? ಮೊದಲು ಜೀನ್ ರಿಪೋರ್ಟ್ ಹಿಡಿದು ಕಣ್ಣಿನ ನರದ ಡಾಕ್ಟರನ್ನು ಕೇಳೋಣ. ಅವನಿಗೆ ಶುರುವಾಗಿ ಎರಡು ವರ್ಷ ಆಯ್ತು, ಅದೂ ಲೆಕ್ಕಕ್ಕೆ ಬರುತ್ತದೆ.

ನಿಖಿಲ್: ನನ್ನ ಫೋನು ಎಲ್ಲವನ್ನೂ ಓದಿ ಹೇಳುತ್ತದೆ ಅಂತ ನಿಮಗೆಲ್ಲ ಮರೆತೇ ಹೋಯಿತಾ? ನನ್ನದು 11778. ಡಾಕ್ಟರ್ ಹತ್ತಿರ ಮೇಘನಕ್ಕನ ಜೊತೆ ಹೋಗುತ್ತೇನೆ. ಆರು ತಿಂಗಳು ತಗೊಂಡು ನೋಡು ಅಂದರೆ ನೋಡುತ್ತೇನೆ. ಚಿಕ್ಕಪ್ಪ, ಆ ಐವತ್ತು ಸಾವಿರ ಬೇರೆ ಎಲ್ಲೂ ಖರ್ಚು ಮಾಡಬೇಡಿ.

ರಮೇಶ ಚಿಕ್ಕಪ್ಪ: ಇಲ್ಲ ಕಣೋ. ಎತ್ತಿಟ್ಟಿದ್ದೇನೆ.