ಅಮ್ಮ ಥೈರಾಯ್ಡ್ ಮಾತ್ರೆ ಬಿಟ್ಟಿದ್ದಾರೆ, ರಿಪೋರ್ಟು ನೆಂಟರ ಗ್ರೂಪಿನಲ್ಲಿದೆ. ಈಗೇನು ಮಾಡಬೇಕು?

ಗೀತಾ_ರಾಜಾಜಿನಗರ:
ನಮಸ್ಕಾರ. ಅಮ್ಮನಿಗೆ 64 ವರ್ಷ, ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕಮ್ಮಿ), ದಿನಾ 75 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ. ನೆಂಟರ ವಾಟ್ಸಾಪ್ ಗ್ರೂಪಿಗೆ ಒಂದು ಆಡಿಯೋ ಬಂದಿದೆ: ಕೊತ್ತಂಬರಿ ಬೀಜ ನೆನೆಸಿದ ನೀರು 21 ದಿನ ಕುಡಿಯಿರಿ, ಮಾತ್ರೆ ಬಿಡಿ, ಥೈರಾಯ್ಡ್ ಬೇರು ಸಮೇತ ಹೋಗುತ್ತೆ ಅಂತ. ಮಾತ್ರೆ ಬಿಟ್ಟು ಹತ್ತು ದಿನ ಆಯ್ತು. "ಏನೂ ಆಗಿಲ್ವಲ್ಲ" ಅಂತಾರೆ. ಅದೇ ಗ್ರೂಪಿಗೆ ಲ್ಯಾಬ್ ರಿಪೋರ್ಟೂ ಹಾಕಿದ್ದಾರೆ. ಹೆಸರು, ಫೋನ್ ನಂಬರ್, ಬಾರ್‌ಕೋಡ್ ಎಲ್ಲಾ ಕಾಣುತ್ತೆ. ಈಗ ಯಾರೋ ಫೋನ್ ಮಾಡಿ "ನಿಮ್ಮ ಟಿಎಸ್‌ಎಚ್ ಜಾಸ್ತಿ ಇದೆ, ಕಡಿಮೆ ಮಾಡೋ ಕೋರ್ಸ್ ನಮ್ಮ ಹತ್ರ ಇದೆ" ಅಂತಿದ್ದಾರೆ. ಅಮ್ಮನಿಗೆ ಹೇಗೆ ತಿಳಿಸಿ ಹೇಳೋದು? ರಿಪೋರ್ಟುಗಳನ್ನ ಎಲ್ಲಿ ಇಟ್ಟರೆ ಭದ್ರ? ಅಭಾ (ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಮಾಡಿಸಿದರೆ ಎಲ್ಲಾ ಸರ್ಕಾರದ ಕಂಪ್ಯೂಟರಿಗೆ ಹೋಗುತ್ತಾ?

ಔಷಧಿ_ಶಶಿಧರ:
ಗೀತಾ ಅವರೇ, ಮೊದಲು ಮಾತ್ರೆ ವಿಷಯ, ಅದು ಕಾಯೋ ಹಾಗಿಲ್ಲ. ನಿಮ್ಮ ತಾಯಿಯವರು ಹೇಳೋದು ಸುಳ್ಳಲ್ಲ, ಹತ್ತು ದಿನಕ್ಕೆ ಏನೂ ಗೊತ್ತಾಗೋದಿಲ್ಲ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು 7 ದಿನ ಬೇಕು. ಎರಡು ವಾರಕ್ಕೆ ಕಾಲು ಭಾಗ, 21 ದಿನಕ್ಕೂ ಇನ್ನೂ ಎಂಟನೇ ಒಂದು ಭಾಗ ಉಳಿದಿರುತ್ತೆ. ಆ ಆಡಿಯೋದ 21 ದಿನ ನಡೆಯೋದೇ ಹಳೇ ಮಾತ್ರೆಯ ಬಲದ ಮೇಲೆ, ಹೆಸರು ಮಾತ್ರ ಕೊತ್ತಂಬರಿ ನೀರಿಗೆ ಬರುತ್ತೆ. ಅದಕ್ಕೇ ಈ ಫಾರ್ವರ್ಡ್ ಇಷ್ಟು ಗಟ್ಟಿಯಾಗಿ ನಂಬಿಕೆ ಗಳಿಸಿಕೊಳ್ಳೋದು. ಚಳಿ ತಡೆಯದೆ ಇರೋದು, ಮಲಬದ್ಧತೆ, ಮುಖ ಊದಿಕೊಳ್ಳೋದು, ನಾಡಿ ನಿಧಾನ ಆಗೋದು ಎಲ್ಲ ಆಮೇಲೆ ಶುರು.

ಇನ್ನು ಆ ಫೋನ್ ಕರೆ. ಟಿಎಸ್‌ಎಚ್ ಥೈರಾಯ್ಡ್ ಹಾರ್ಮೋನ್ ಅಲ್ಲ. ಅದು ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ "ಹಾರ್ಮೋನ್ ಸಾಲದು, ಇನ್ನೂ ಬೇಕು" ಅಂತ ಕೂಗೋ ಕೂಗು. ಹೈಪೋಥೈರಾಯ್ಡ್ ಇರೋರಲ್ಲಿ ಟಿಎಸ್‌ಎಚ್ ಏರಿದರೆ ಹಾರ್ಮೋನ್ ಕಮ್ಮಿ ಬಿದ್ದಿದೆ ಅಂತ ಅರ್ಥ. "ಜಾಸ್ತಿ" ಅನ್ನೋ ಪದ ಕೇಳಿ ಮಾತ್ರೆ ಬಿಡೋರು ಬಹಳ. ಕರೆ ಮಾಡಿದವರಿಗೂ ಆ ಗೊಂದಲವೇ ಬಂಡವಾಳ.

ಇವತ್ತೇ ಡಾಕ್ಟರಿಗೆ ಫೋನ್ ಮಾಡಿ "ಹತ್ತು ದಿನ ಬಿಟ್ಟಿದ್ದಾರೆ" ಅಂತ ನೇರವಾಗಿ ಹೇಳಿ. ಸಾಮಾನ್ಯವಾಗಿ ಅದೇ ಡೋಸ್ ಮುಂದುವರಿಸಿ ಅಂತಾರೆ, ಹೃದಯದ ತೊಂದರೆ ಇದ್ದರೆ ಬದಲಾಯಿಸಬಹುದು. ತಪ್ಪಿದ ಮಾತ್ರೆಗಳನ್ನ ಸೇರಿಸಿ ನುಂಗಿಸಲೇಬೇಡಿ, ಎದೆ ಹೊಡೆದುಕೊಳ್ಳೋಕೆ ಶುರುವಾಗುತ್ತೆ. ಮತ್ತೆ ಶುರು ಮಾಡಿ ಆರು ವಾರ ಆದ ಮೇಲೆ ಟಿಎಸ್‌ಎಚ್ ಮಾಡಿಸಿ, ಅದಕ್ಕೂ ಮುಂಚೆ ಮಾಡಿಸಿದರೆ ಸಂಖ್ಯೆ ಇನ್ನೂ ನೆಲೆ ನಿಂತಿರೋದಿಲ್ಲ.

ಮಾತ್ರೆ ತಗೊಂಡೂ ಟಿಎಸ್‌ಎಚ್ ಏರ್ತಿದ್ದರೆ ಬೆಳಗಿನ ಫಿಲ್ಟರ್ ಕಾಫಿ ನೋಡಿ. ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ, ಕಾಫಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಕೂದಲಿಗೆ ಅಂತ ಬಯೋಟಿನ್ ವಿಟಮಿನ್ ತಗೋತಿದ್ದರೆ ಪರೀಕ್ಷೆಗೆ ಎರಡು ದಿನ ಮುಂಚೆ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತೆ.

ಕೊತ್ತಂಬರಿ ನೀರಿನ ಮೇಲೆ ಜಗಳ ಬೇಡ. ಮಾತ್ರೆ ಆಗಿ ಒಂದು ಗಂಟೆ ಬಿಟ್ಟು ಕುಡಿಯಲಿ, ಪಾಪ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ತಾರೀಖು, ಡೋಸ್, ಟಿಎಸ್‌ಎಚ್. ಹಳೇ ರಿಪೋರ್ಟುಗಳಿಂದ ತುಂಬಿ. ಮಾತ್ರೆ ಶುರುವಾಗೋ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಅವರದೇ ಸಂಖ್ಯೆ ಅವರ ಕಣ್ಣೆದುರಿಗೆ ಇದ್ದರೆ ಬೇರೆಯವರ ಆಡಿಯೋ ಬಲ ಕಳಕೊಳ್ಳುತ್ತೆ.

ರೆಕಾರ್ಡ್_ರೂಮ್:
ಶಶಿಧರ ಅವರು ಹೇಳಿದ ಹಾಳೆ ತುಂಬಬೇಕು ಅಂದ್ರೆ ಹಳೇ ರಿಪೋರ್ಟುಗಳು ಒಂದು ಕಡೆ ಇರಬೇಕು. ಅಭಾ ಇರೋದು ಅದಕ್ಕೇ. ಇದು 14 ಅಂಕಿಯ ಸಂಖ್ಯೆ, ಮಾಡಿಸೋದು ಕಡ್ಡಾಯ ಅಲ್ಲ. ಎಲ್ಲಾ ಸರ್ಕಾರದ ಕಂಪ್ಯೂಟರಿಗೆ ಹೋಗೋದಿಲ್ಲ. ರಿಪೋರ್ಟು ಅದನ್ನ ತಯಾರಿಸಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಇರುತ್ತೆ, ನೀವು ಒಪ್ಪಿಗೆ ಕೊಟ್ಟಾಗ ಮಾತ್ರ ಇನ್ನೊಬ್ಬರಿಗೆ ಹೋಗುತ್ತೆ. ಓಪಿಡಿ ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಹೋಗೋದು ಹೆಸರು, ವಯಸ್ಸು, ವಿಳಾಸದಂಥ ವಿವರ ಅಷ್ಟೇ, ಹಳೇ ರಿಪೋರ್ಟು ಹೋಗೋದಿಲ್ಲ.

ಒಪ್ಪಿಗೆ ಕೇಳೋ ಪರದೆ ಬಂದಾಗ ಸುಮ್ಮನೆ ಒತ್ತಬೇಡಿ. ಯಾರು ಕೇಳ್ತಿದ್ದಾರೆ, ಯಾಕೆ, ಯಾವ ಥರದ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಒಪ್ಪಿಗೆ ಯಾವಾಗ ಮುಗಿಯುತ್ತೆ, ಎಲ್ಲಾ ಅಲ್ಲೇ ಇರುತ್ತೆ, ತಿದ್ದಲೂಬಹುದು. ಥೈರಾಯ್ಡ್ ಡಾಕ್ಟರಿಗೆ ಎರಡು ವರ್ಷದ ಲ್ಯಾಬ್ ರಿಪೋರ್ಟು ಸಾಕು, ಹತ್ತು ವರ್ಷದ ಡಿಸ್ಚಾರ್ಜ್ ಸಮ್ಮರಿ ಬೇಡ. ಒಪ್ಪಿಗೆ ವಾಪಸ್ ತಗೋಬಹುದು, ಆದರೆ ಆಗಲೇ ಯಾರಾದರೂ ಡೌನ್‌ಲೋಡ್ ಮಾಡಿಟ್ಟ ಪ್ರತಿ ಅದರಿಂದ ಮಾಯ ಆಗೋದಿಲ್ಲ. ಹಾಗಾಗಿ ಅವಧಿಯನ್ನ ಮೊದಲೇ ಚಿಕ್ಕದು ಮಾಡಿ.

ಎಡವಟ್ಟು ಆಗೋದು ಎರಡು ಕಡೆ. ಒಂದು, ಹೆಸರು. ಆಧಾರ್‌ನಲ್ಲಿ "ಸರೋಜಮ್ಮ ಕೆ", ಆಸ್ಪತ್ರೆಯಲ್ಲಿ "ಕೆ ಸರೋಜ", ಹುಟ್ಟಿದ ವರ್ಷ ಅಂದಾಜಿಗೆ ಬರೆದದ್ದು. ದಾಖಲೆ ಹುಡುಕುವಾಗ ಮೊಬೈಲ್ ನಂಬರ್, ಹೆಸರು, ಲಿಂಗ, ಹುಟ್ಟಿದ ವರ್ಷ ತಾಳೆ ಆಗಬೇಕು, ಆಗದಿದ್ದರೆ "ದಾಖಲೆ ಇಲ್ಲ" ಅಂತ ಬರುತ್ತೆ. ಆಸ್ಪತ್ರೆ ರಿಜಿಸ್ಟ್ರೇಷನ್ ಕೌಂಟರಿನಲ್ಲಿ ಮೊದಲು ಅದನ್ನ ತಿದ್ದಿಸಿ. ಎರಡು, ಕೌಂಟರಿನವರು ಅವಸರದಲ್ಲಿ ಇನ್ನೊಂದು ಅಭಾ ಅಡ್ರೆಸ್ (ಅಭಾ ಖಾತೆಯ ಇಮೇಲ್ ಥರದ ಹೆಸರು) ಮಾಡಿಬಿಡ್ತಾರೆ. ದಾಖಲೆ ಅಂಟಿಕೊಳ್ಳೋದು ಅಡ್ರೆಸ್ಸಿಗೆ. ಒಂದರಲ್ಲಿ ಸೇರಿದ್ದು ಇನ್ನೊಂದರಲ್ಲಿ ಕಾಣೋದಿಲ್ಲ. ನಿಮ್ಮ ಅಭಾ ಅಡ್ರೆಸ್ ಒಂದು ಚೀಟಿಯಲ್ಲಿ ಬರೆದು ಆಸ್ಪತ್ರೆ ಫೈಲಿನ ಒಳಗೆ ಅಂಟಿಸಿಡಿ.

ಕೀಲಿಕೈ_ಜಯನಗರ:
ಅಭಾ ಎಷ್ಟೇ ಗಟ್ಟಿ ಇದ್ದರೂ ನಮ್ಮಲ್ಲಿ ರಿಪೋರ್ಟು ಸೋರೋದು ಬೇರೆ ಕಡೆ. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿ ನೆನಪಿಸಿಕೊಳ್ಳಿ. ಪಿಡಿಎಫ್ ಅನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸ್ತೀವಿ, ಅವರು ವಾಟ್ಸಾಪ್ ವೆಬ್‌ನಲ್ಲಿ ತೆಗೆದು ಪ್ರಿಂಟ್ ಕೊಡ್ತಾರೆ. ನೀವು ನಿಮ್ಮ ಫೋನಿನಲ್ಲಿ "ಡಿಲೀಟ್ ಫಾರ್ ಎವ್ರಿಒನ್" ಒತ್ತಿದರೂ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪ್ರತಿ ಹಾಗೇ ಇರುತ್ತೆ. ಪ್ರಿಂಟ್ ಆದ ಮೇಲೆ ಅಲ್ಲೇ ನಿಂತು ಅಳಿಸಿ ಅಂತ ಕೇಳಿ, ರೀಸೈಕಲ್ ಬಿನ್ ಕೂಡ. ಸಂಕೋಚ ಬೇಡ.

ಗ್ರೂಪಿನಲ್ಲಿರೋ ರಿಪೋರ್ಟಿಗೆ: ಹಾಕಿ ಒಂದೆರಡು ದಿನದೊಳಗಾದರೆ ತಾಯಿಯವರ ಫೋನಿಂದಲೇ ಎಲ್ಲರಿಗೂ ಅಳಿಸಬಹುದು, ಆಗದಿದ್ದರೆ ಗ್ರೂಪ್ ಅಡ್ಮಿನ್‌ಗೆ ಹೇಳಿ. ಮುಂದೆ ಯಾರಿಗಾದರೂ ತೋರಿಸಲೇಬೇಕಾದರೆ ಹೆಸರು, ಫೋನ್, ಆಸ್ಪತ್ರೆ ನಂಬರ್, ಬಾರ್‌ಕೋಡ್, ಕ್ಯೂಆರ್ ಇರೋ ಮೇಲಿನ ಭಾಗ ಕತ್ತರಿಸಿ ಕಳಿಸಿ. ಫೋನಿನ ಮಾರ್ಕರ್‌ನಲ್ಲಿ ಕಪ್ಪು ಗೀಚಿದರೆ ಸಾಲದು, ಹೈಲೈಟರ್ ಥರದ್ದಾದರೆ ಬ್ರೈಟ್‌ನೆಸ್ ಏರಿಸಿದಾಗ ಅಕ್ಷರ ಕಾಣುತ್ತೆ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೆ ಕೆಳಗಿನ ಅಕ್ಷರ ಕಾಪಿ ಆಗುತ್ತೆ.

ತಾಯಿಯವರ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿ 6 ಅಂಕಿಯ ಪಿನ್ ಕೊಡಿ. ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿ, ಇಲ್ಲದಿದ್ದರೆ ರಿಪೋರ್ಟಿನ ಫೋಟೋ ಗ್ಯಾಲರಿಗೆ ಬಂದು ಕೂರುತ್ತೆ. ಎಸ್.ಪಿ. ರೋಡಿನ ರಿಪೇರಿ ಅಂಗಡಿಯಲ್ಲಿ ಡಿಸ್‌ಪ್ಲೇ ಹಾಕಿಸೋಕೆ ಫೋನ್ ಬಿಚ್ಚಿ ಕೊಟ್ಟಾಗ ಮೊದಲು ಕಾಣೋದು ಆ ಗ್ಯಾಲರಿ.

ಗೀತಾ_ರಾಜಾಜಿನಗರ:
ತುಂಬಾ ಉಪಕಾರ ಆಯ್ತು. ಡಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ. ಆ ಕರೆ ಮಾಡಿದವರು ಒಂದು ಫೈಲೂ ಕಳಿಸಿದ್ದಾರೆ, ಹೆಸರು "ಥೈರಾಯ್ಡ್ ರಿಪೋರ್ಟ್", ಕೊನೆಗೆ ಎಪಿಕೆ ಅಂತಿದೆ. ಅಮ್ಮ ಒತ್ತಿದ್ದಾರೋ ಇಲ್ಲವೋ ಅವರಿಗೇ ನೆನಪಿಲ್ಲ. ಆಡಿಯೋದಲ್ಲಿ "ಜಯದೇವ ಆಸ್ಪತ್ರೆ ಡಾಕ್ಟರ್" ಅಂತ ಬೇರೆ ಹೇಳಿಕೊಳ್ತಾರೆ.

ಕೀಲಿಕೈ_ಜಯನಗರ:
ಎಪಿಕೆ ಅಂದ್ರೆ ಆಪ್, ರಿಪೋರ್ಟು ಅಲ್ಲ. ಈಗಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಇದೆಯಾ ನೋಡಿ. ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಲ್ಲಿ ಗೊತ್ತಿಲ್ಲದ್ದು ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಆಗದಿದ್ದರೆ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಅನುಮತಿ ತೆಗೆದು ಮತ್ತೆ ಪ್ರಯತ್ನಿಸಿ. ನೆಟ್‌ವರ್ಕ್ ವಾಪಸ್ ಬಂದ ಮೇಲೆ ##002# ಡಯಲ್ ಮಾಡಿ, ಗೊತ್ತಿಲ್ಲದೆ ಹಾಕಿದ ಕಾಲ್ ಫಾರ್ವರ್ಡ್ ಎಲ್ಲಾ ರದ್ದಾಗುತ್ತೆ. ಇದೆಲ್ಲ ಮುಗಿಯೋವರೆಗೂ ಕಾಯದೆ ಇನ್ನೊಂದು ಫೋನಿಂದ ಬ್ಯಾಂಕಿಗೆ ಹೇಳಿ ಯುಪಿಐ, ನೆಟ್‌ಬ್ಯಾಂಕಿಂಗ್ ತಡೆಹಿಡಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಔಷಧಿ_ಶಶಿಧರ:
ಜಯದೇವ ಹೃದ್ರೋಗದ ಆಸ್ಪತ್ರೆ ಮೇಡಂ. ಥೈರಾಯ್ಡ್ ವಾಸಿ ಮಾಡೋ ಮಾತಿಗೆ ಆ ಹೆಸರು ತಂದಿರೋದೇ ಮೊದಲ ಗುರುತು. 2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ತಪಾಸಣೆಗೆ ಜನ ಅಲ್ಲಿಗೆ ಮುಗಿಬಿದ್ದಿದ್ದರು, ಆ ಹೆಸರಿನ ಮೇಲೆ ಅಷ್ಟು ನಂಬಿಕೆ. ಡಾಕ್ಟರ ಪೂರ್ತಿ ಹೆಸರು, ವಿಭಾಗ, ತಾರೀಖು ಮೂರೂ ಇಲ್ಲದ ಆಡಿಯೋ ಆದರೆ ಅಮ್ಮನವರ ಡಾಕ್ಟರ ಮುಂದೆಯೇ ಹಾಕಿ ಕೇಳಿಸಿ. ಆರು ವಾರದ ಟಿಎಸ್‌ಎಚ್‌ಗೆ ಹೋದಾಗ ಆ ಮೂರು ಕಾಲಂ ಹಾಳೆಯನ್ನೂ ಒಯ್ಯಿರಿ.