ಟ್ರಿಮ್ ಮಾಡಿದ ಮೇಲೂ ಕೇಸಿನ ಉದ್ದ ಒಂದೇ ಸಮ ಬರ್ತಿಲ್ಲ

ಖಾಲಿಕೇಸು
ತಲೆ ಕೆಟ್ಟುಹೋಗಿದೆ. ಹಾರಿಸಿದ ಕಾರ್ಟ್ರಿಡ್ಜ್‌ನ (ತೋಟಾದ) ಖಾಲಿ ಕೇಸನ್ನ ಮತ್ತೆ ತುಂಬೋಕೆ, ಬಾಯಿ ಕತ್ತರಿಸಿ ಉದ್ದ ಸರಿ ಮಾಡ್ತಿದ್ದೀನಿ, ಅದೇ ಟ್ರಿಮ್. ಟ್ರಿಮ್ಮರ್ ಸ್ಕ್ರೂ ಬಿಗಿ ಮಾಡಿದ ಮೇಲೆ ಮುಟ್ಟೇ ಇಲ್ಲ. ಆದ್ರೂ ಒಂದು ಕೇಸು 50.86 ಮಿ.ಮೀ., ಪಕ್ಕದ್ದು 51.01. ಎಲ್ಲಾ ಒಂದೇ ಕಂಪನಿ ಹಿತ್ತಾಳೆ, ಕಟರ್ ಹೊಸದು. ಎಲ್ಲಿ ಎಡವಟ್ಟಾಗ್ತಿದೆ?

ವರ್ನಿಯರ್
ಅಳೆಯೋ ಕ್ಯಾಲಿಪರ್, ಇನ್ನೇನಿರುತ್ತೆ. ದವಡೆ ಒರೆಸಿ, ಮುಚ್ಚಿ, ಸೊನ್ನೆ ಮಾಡಿ. ಕೇಸು ಓರೆಯಾದ್ರೆ ಉದ್ದ ಹೆಚ್ಚು ತೋರಿಸುತ್ತೆ. ಹಳೇ ಪ್ರೈಮರ್ (ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು) ತಳದಿಂದ ಉಬ್ಬಿದ್ರೂ ಅಷ್ಟೇ. ಬಾಯಿ ಅಂಚಿನ ಬರ್ (ಕತ್ತರಿಸಿದಾಗ ಏಳೋ ಮುಳ್ಳು) ತೆಗೆಯದೆ ಅಳೆದ್ರೆ ಆ ಅಂಕಿಗೆ ಬೆಲೆಯೇ ಇಲ್ಲ.

ಲೇತ್‌ಭಟ್ರು
ಯಾವ ಕಾರ್ಟ್ರಿಡ್ಜ್, ಯಾವ ಥರದ ಟ್ರಿಮ್ಮರ್, ಸೈಜ್ ಮಾಡಿದ (ಅಚ್ಚಿನಲ್ಲಿ ಒತ್ತಿ ಕೇಸನ್ನ ಮತ್ತೆ ಅಳತೆಗೆ ತಂದ) ಮೇಲೆ ಟ್ರಿಮ್ಮೋ ಮೊದಲೋ, ಒಂದನ್ನೂ ಹೇಳಿಲ್ವಲ್ಲ ಮಾರಾಯ್ರೇ. ಅಂಕಿ ನೋಡಿದ್ರೆ .308 ವಿಂಚೆಸ್ಟರ್ ಇರಬೇಕು. ಅದಕ್ಕೆ ಗರಿಷ್ಠ 51.18, ಟ್ರಿಮ್ ಉದ್ದ 50.93. ನಿಮ್ಮವೆರಡೂ ಗರಿಷ್ಠದ ಒಳಗೇ ಇವೆ. ಅದನ್ನ ಮೀರಿದ್ರೆ ಮಾತ್ರ ಭಯ: ಕೇಸಿನ ಬಾಯಿ ಚೇಂಬರಿನ (ರೈಫಲ್‌ನಲ್ಲಿ ಕಾರ್ಟ್ರಿಡ್ಜ್ ಕೂರೋ ಜಾಗ) ತುದಿಗೆ ಒತ್ತಿ ಬುಲೆಟ್ ಹಿಡಿದುಕೊಳ್ಳುತ್ತೆ, ಒತ್ತಡ ಏರುತ್ತೆ.

ವರ್ನಿಯರ್
ಬ್ಯಾಟರಿ ಬದಲಿಸಿದ್ರಾ? ಸೋತ ಬ್ಯಾಟರಿ ಇದ್ರೆ ಅಂಕಿ ಕುಣಿಯುತ್ತೆ.

ಖಾಲಿಕೇಸು
.308 ಅಲ್ದೆ ಇನ್ನೇನು. ಟ್ರಿಮ್ಮರ್ ಡ್ರಿಲ್‌ಗೆ ಸಿಕ್ಕಿಸೋದು, ಕೇಸನ್ನ ಬಾಯಿ ಕಡೆಯಿಂದ ಒಳಗೆ ತಳ್ಳೋದು. ಟ್ರಿಮ್ ಮಾಡಿ ಆಮೇಲೆ ಸೈಜ್. ಎರಡು ರೈಫಲ್‌ನ ಕೇಸು ಒಟ್ಟಿಗೆ ಇವೆ, ಅದರಿಂದೇನು?

ಲೇತ್‌ಭಟ್ರು
ಅದರಿಂದಲೇ ಎಲ್ಲಾ! ಆ ಟ್ರಿಮ್ಮರ್‌ಗೆ ತಳದ ಲೆಕ್ಕವೇ ಇಲ್ಲ. ಕೇಸಿನ ಶೋಲ್ಡರ್ (ಮೈ ಕಿರಿದಾಗಿ ಕುತ್ತಿಗೆ ಸೇರೋ ಇಳಿಜಾರು) ಟ್ರಿಮ್ಮರ್ ಒಳಗೆ ತಾಗಿ ನಿಲ್ಲುತ್ತೆ, ಅಲ್ಲಿಂದ ಬಾಯಿವರೆಗಿನ ದೂರ ಮಾತ್ರ ಒಂದೇ ಸಮ. ತಳದಿಂದ ಶೋಲ್ಡರ್‌ವರೆಗೆ ಎಷ್ಟು ವ್ಯತ್ಯಾಸ ಇದೆಯೋ ಅಷ್ಟೂ ಒಟ್ಟು ಉದ್ದಕ್ಕೆ ಸೇರುತ್ತೆ. ಎರಡು ಚೇಂಬರಿನಲ್ಲಿ ಹಾರಿಸಿದ, ಸೈಜ್ ಮಾಡದ ಕೇಸು ಅಂದ್ರೆ ವ್ಯತ್ಯಾಸ ಇದ್ದೇ ಇರುತ್ತೆ.

ಸುಲಭದ ಪರೀಕ್ಷೆ: 10.16 ಮಿ.ಮೀ. ತೂತಿರುವ ಉಂಗುರವನ್ನ ಶೋಲ್ಡರ್ ಮೇಲೆ ಕೂರಿಸಿ, ಉಂಗುರ ಸೇರಿಸಿ ತಳದವರೆಗೆ ಅಳೆಯಿರಿ. ಗಿಡ್ಡ ಕೇಸು, ಉದ್ದ ಕೇಸು ಎರಡನ್ನೂ.

ಥೌಲೆಕ್ಕ
ಇಂಚಲ್ಲಿ ಬರೀರಪ್ಪ. ರೀಲೋಡಿಂಗ್ ಮಾಡೋರು 2.015, 2.005 ಅಂತಾರೆ, ಮಿ.ಮೀ. ಯಾರು ಹೇಳ್ತಾರೆ?

ಲೇತ್‌ಭಟ್ರು
ಕೇಳಿದವರು ಮಿ.ಮೀ.ನಲ್ಲಿ ಕೇಳಿದ್ದಾರೆ ಸ್ವಾಮಿ. 25.4ರಿಂದ ಭಾಗಿಸಿಕೊಳ್ಳಿ.

ವರ್ನಿಯರ್
ಉಂಗುರ ಇಟ್ರೂ ಅಳೆಯೋದು ಅದೇ ಕ್ಯಾಲಿಪರ್ ತಾನೇ? ಮೊದಲು ಗೇಜ್ ಬ್ಲಾಕ್ (ನಿಖರ ಅಳತೆಯ ತುಂಡು) ಇಟ್ಟು ನೋಡಿ.

ಲೇತ್‌ಭಟ್ರು
ಸಾಧಾರಣ ಡಿಜಿಟಲ್ ಕ್ಯಾಲಿಪರ್ 0.02 ಆಚೆ ಈಚೆ ಆದೀತು, 0.15 ಅಲ್ಲ. ಅನುಮಾನ ಇದ್ರೆ ಒಂದೇ ಕೇಸನ್ನ ಹತ್ತು ಸಲ ಅಳೆಯಲಿ. ಅಂಕಿ ನಿಂತ್ರೆ ಕ್ಯಾಲಿಪರ್ ಸರಿ ಇದೆ.

ಖಾಲಿಕೇಸು
ಅಳೆದೆ. ಒಂದೇ ಕೇಸಿಗೆ ಅಂಕಿ ನಿಲ್ಲುತ್ತೆ. ಉಂಗುರ ಇಟ್ಟಾಗ ಉದ್ದದ ಕೇಸಲ್ಲಿ 0.13 ಹೆಚ್ಚು. ಹಾಗಾದ್ರೆ ಟ್ರಿಮ್ಮರ್ ವೇಸ್ಟಾ?

ಲೇತ್‌ಭಟ್ರು
ಟ್ರಿಮ್ಮರ್ ಚೆನ್ನಾಗೇ ಇದೆ. ಕೆಲಸದ ಕ್ರಮ ಬದಲಿಸಿ: ಮೊದಲು ಫುಲ್ ಲೆಂಗ್ತ್ ಸೈಜ್ (ಇಡೀ ಕೇಸನ್ನ ಒತ್ತೋದು), ಲ್ಯೂಬ್ (ಜಾರಲು ಹಚ್ಚಿದ್ದು) ಒರೆಸಿ, ಆಮೇಲೆ ಟ್ರಿಮ್, ಕೊನೆಗೆ ಬಾಯಿ ಒಳಗೂ ಹೊರಗೂ ಚಾಂಫರ್ (ಅಂಚನ್ನ ಓರೆಯಾಗಿ ಸವೆಸೋದು). ಸೈಜ್ ಮಾಡುವಾಗ ಮೈ ಒತ್ತಿಸಿಕೊಂಡ ಹಿತ್ತಾಳೆ ಮುಂದಕ್ಕೆ ಸರಿಯುತ್ತೆ, ಕುತ್ತಿಗೆ ಅಗಲಿಸೋ ಎಕ್ಸ್‌ಪಾಂಡರ್ ಉಂಡೆ ಹೊರಬರುವಾಗ ಕುತ್ತಿಗೆಯನ್ನ ಎಳೆಯುತ್ತೆ. ಮೊದಲೇ ಟ್ರಿಮ್ ಮಾಡಿದ್ರೆ ಆಮೇಲೆ ಮತ್ತೆ ಬೆಳೆಯುತ್ತೆ. ಕುತ್ತಿಗೆ ಒಳಗೆ ಸ್ವಲ್ಪ ಲ್ಯೂಬ್ ಹಚ್ಚಿದ್ರೆ ಎಳೆತ ಕಡಿಮೆ.

0.15ರಲ್ಲಿ 0.13 ಹೋಗಿ ಉಳಿದ 0.02ಕ್ಕೆ ಟ್ರಿಮ್ಮರ್ ಒಳಗೆ ನೋಡಿ. ಹಿತ್ತಾಳೆ ಚೂರು ತುಂಬಿಕೊಂಡ್ರೆ ಶೋಲ್ಡರ್ ಪೂರ್ತಿ ಕೂರಲ್ಲ, ಕೇಸು ಉದ್ದ ಉಳಿಯುತ್ತೆ. ಆಗಾಗ ಬ್ರಷ್ ಹಾಕಿ. ಇನ್ನೊಂದು, ಸಮ ಮಾಡ್ತೀನಿ ಅಂತ ಶೋಲ್ಡರನ್ನ ಅತಿಯಾಗಿ ಹಿಂದಕ್ಕೆ ತಳ್ಳಬೇಡಿ. ಬೋಲ್ಟ್ ರೈಫಲ್‌ಗೆ 0.05 ಸಾಕು. ಎರಡು ರೈಫಲ್ ಇರೋದ್ರಿಂದ ಕೇಸು ಬೇರೆ ಬೇರೆ ಇಡೋದೇ ಒಳ್ಳೇದು. ಹೆಚ್ಚು ತಳ್ಳಿದ್ರೆ ಪ್ರತಿ ಸಲ ಹಾರಿಸಿದಾಗ ತಳದ ಹತ್ತಿರ ಗೋಡೆ ತೆಳುವಾಗ್ತಾ ಹೋಗುತ್ತೆ. ಅಲ್ಲಿ ಹೊಳೆಯೋ ಗೆರೆ ಕಂಡ್ರೆ, ಅಥವಾ ತುದಿ ಬಗ್ಗಿಸಿದ ತಂತಿ ಒಳಗೆ ಗೀರಿದಾಗ ಹಳ್ಳಕ್ಕೆ ಸಿಕ್ಕಿಕೊಂಡ್ರೆ ಆ ಕೇಸು ಎಸೀರಿ.

ಥೌಲೆಕ್ಕ
ಇದಕ್ಕೇ ನಾನು ವಿಲ್ಸನ್ ಟ್ರಿಮ್ಮರ್ ಬಿಟ್ಟು ಬೇರೆ ಮುಟ್ಟಲ್ಲ. ತಳಕ್ಕೇ ಸ್ಟಾಪ್ ಸ್ಕ್ರೂ, ಜೊತೆಗೆ ಮೈಕ್ರೋಮೀಟರ್. ಉದ್ದ ಅರ್ಧ ಥೌ (ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು) ಕೂಡ ಅಲ್ಲಾಡಲ್ಲ.

ವರ್ನಿಯರ್
ಅರ್ಧ ಥೌ ಅಂದ್ರೆ 0.0127 ಮಿ.ಮೀ. ಅದನ್ನ ಯಾವ ಕ್ಯಾಲಿಪರ್‌ನಲ್ಲಿ ಅಳೆದ್ರಿ?